ನಾಲ್ಕು ವೃತ್ತಗಳೂ ಒಂದೇ ಹುದ್ದೆಯಲ್ಲಿ ಕೂಡಿದಾಗ: ಗಡಿನಾಡಿನ ಒಂದು ಪ್ರಕರಣ

ಇಕಿಗಾಯ್ ಎಂಬ ಜಪಾನಿ ವಿಚಾರ ಈಗ ನಮ್ಮ ಕಾಸರಗೋಡಿನ ಶಾಲೆಗಳ ಗೋಡೆಗೂ ಬಂದು ಕುಳಿತಿದೆ. ಒಂದನ್ನೊಂದು ಹಾದುಹೋಗುವ ನಾಲ್ಕು ವೃತ್ತಗಳು. ನಿಮಗೆ ಇಷ್ಟವಾದದ್ದು, ನಿಮಗೆ ಚೆನ್ನಾಗಿ ಬರುವುದು, ಲೋಕಕ್ಕೆ ಬೇಕಾದದ್ದು, ಸಂಬಳ ತರುವುದು. ನಾಲ್ಕೂ ಕೂಡುವ ನಡುವಣ ಜಾಗ ಯಾವುದೋ ಅದೇ ನಿಮ್ಮ ಬದುಕಿನ ಉದ್ದೇಶ, ಅದನ್ನೇ ವೃತ್ತಿಯ ಗುರಿಯಾಗಿ ಇಟ್ಟುಕೊಳ್ಳಿ ಎಂದು ಚಿತ್ರ ಹೇಳುತ್ತದೆ. ವೃತ್ತಿ ಮಾರ್ಗದರ್ಶನದ ಹೊಣೆ ಹೊತ್ತ ಶಿಕ್ಷಕಿಯಾಗಿ ಈ ಚಿತ್ರ ತುಂಬಿ ತಂದ ಅನೇಕ ಮಕ್ಕಳನ್ನು ನೋಡಿದ್ದೇನೆ. ಹೆಚ್ಚಿನವರ ದೂರು ಒಂದೇ: ವೃತ್ತಗಳು ಕೂಡುವುದಿಲ್ಲ. ಇಷ್ಟವಾದದ್ದು ಯಕ್ಷಗಾನ, ಸಂಬಳ ತರುವುದು ಲೆಕ್ಕಪತ್ರ, ಎರಡರ ನಡುವೆ ಸೇತುವೆಯಿಲ್ಲ.

ಇಲ್ಲಿ ಬರೆಯುತ್ತಿರುವ ಪ್ರಕರಣ ಅದಕ್ಕೆ ತದ್ವಿರುದ್ಧ. ಇಲ್ಲಿ ನಾಲ್ಕು ವೃತ್ತಗಳೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿದವು. ತೊಂದರೆ ಶುರುವಾದದ್ದೇ ಅಲ್ಲಿಂದ. ವೃತ್ತಿ ಮಾರ್ಗದರ್ಶನ ಮಾಡುವವರು, ಮಕ್ಕಳ ಭವಿಷ್ಯದ ಮಾತಾಡುವ ಹೆತ್ತವರು, ಸರಕಾರಿ ಹುದ್ದೆಗಳಿಗೆ ಆಯ್ಕೆ ಮಾಡುವ ಪಿಎಸ್‌ಸಿ (ಕೇರಳ ಲೋಕಸೇವಾ ಆಯೋಗ) ಪರೀಕ್ಷೆಗೆ ಓದುತ್ತಿರುವವರು ಇದನ್ನು ಓದಲಿ ಎಂಬ ಆಸೆಯಿಂದ, ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ. ತೀರ್ಮಾನಗಳನ್ನೂ ಅವುಗಳ ಹಿಂದಿದ್ದ ಕಾರಣಗಳನ್ನೂ ಇದ್ದಂತೆಯೇ ಇಟ್ಟಿದ್ದೇನೆ.

ಹಿನ್ನೆಲೆ

ಅವಳನ್ನು ಶಾರದಾ ಎಂದು ಕರೆಯೋಣ. ನನ್ನಲ್ಲಿಗೆ ಬಂದಾಗ ವಯಸ್ಸು ಮೂವತ್ತೊಂದು. ಜಿಲ್ಲೆಯ ಪೂರ್ವಭಾಗದಲ್ಲಿ, ಗುಡ್ಡಗಳ ನಡುವಿನ ಅಡಿಕೆ ತೋಟಗಳ ಒಂದು ಊರು. ಮನೆಯಲ್ಲಿ ತಾಯಿ, ಅಜ್ಜಿ, ಇನ್ನೂ ಓದುತ್ತಿರುವ ತಮ್ಮ. ತಂದೆ ಇಲ್ಲ. ತೋಟ ಇದೆ, ಆದರೆ ಮಳೆಗಾಲ ಜೋರಾಗಿ ಕೊಳೆರೋಗ ಬಿದ್ದ ವರ್ಷ ಅದು ಮದ್ದು ಬಿಡುವ ಖರ್ಚನ್ನೂ ಹಿಂದಕ್ಕೆ ಕೊಡುವುದಿಲ್ಲ. ಮನೆ ಕಟ್ಟಲು ಸಹಕಾರಿ ಬ್ಯಾಂಕಿನಿಂದ ತೆಗೆದ ಸಾಲದ ಕಂತು ತಿಂಗಳು ತಿಂಗಳು ಕಟ್ಟಬೇಕು.

ಮನೆಮಾತು ತುಳು, ಶಾಲೆಯ ಭಾಷೆ ಕನ್ನಡ, ಕಚೇರಿಯ ಭಾಷೆ ಮಲಯಾಳ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ಇಲ್ಲಿನ ಕನ್ನಡಿಗರ ದಿನಚರಿಯೇ ಹೀಗೆ. ಎಲ್ಲರಿಗೂ ಮೂರು ಭಾಷೆಗಳು ಸಮನಾಗಿ ಬರುವುದಿಲ್ಲ. ಹಳಬರಲ್ಲಿ ಅನೇಕರು ಮಲಯಾಳ ಮಾತು ಅರ್ಥ ಮಾಡಿಕೊಳ್ಳುತ್ತಾರೆ, ಅಕ್ಷರ ಓದಲಾರರು. ಶಾರದೆಗೆ ಮೂರೂ ಬರುತ್ತವೆ. ಓದಲು, ಬರೆಯಲು, ಜಗಳವಾಡಲು ಕೂಡ.

ಪ್ಲಸ್ ಟು ಮುಗಿಸಿ ಪ್ರಾಥಮಿಕ ಶಿಕ್ಷಕ ತರಬೇತಿಯಾದ ಡಿ.ಎಲ್.ಎಡ್. ಮಾಡಿದಳು, ಶಿಕ್ಷಕ ಅರ್ಹತಾ ಪರೀಕ್ಷೆ ಕೆ-ಟೆಟ್ ಪಾಸಾದಳು. ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗೆ ಪಿಎಸ್‌ಸಿ ಅರ್ಜಿ ಕರೆಯುವವರೆಗೆ ಕೈ ಕಟ್ಟಿ ಕೂರುವುದು ಬೇಡವೆಂದು ಮಂಗಳೂರಿನ ಒಂದು ಲೆಕ್ಕಪತ್ರ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ದಿನವೂ ರೈಲಿನಲ್ಲಿ ಹೋಗಿ ಬರುತ್ತಿದ್ದಳು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ಕೇರಳ ಮತ್ತು ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು. ರಸ್ತೆಗಳಿಗೆ ಮಣ್ಣು ಸುರಿದದ್ದು, ರೋಗಿಗಳು ಮಂಗಳೂರಿಗೆ ಹೋಗಲಾಗದೆ ಸತ್ತದ್ದು, ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಇಲ್ಲಿನ ಯಾರೂ ಮರೆತಿಲ್ಲ. ಆ ಗದ್ದಲದಲ್ಲಿ ಅವಳ ಕೆಲಸವೂ ಹೋಯಿತು. ಶಾಲೆಗಳು ಮತ್ತೆ ತೆರೆದ ಮೇಲೆ ಊರಿನ ಹತ್ತಿರದ ಸರಕಾರಿ ಶಾಲೆಯಲ್ಲಿ ದಿನವೇತನದ ಶಿಕ್ಷಕಿಯಾದಳು. ಹಾಜರಾದ ದಿನಕ್ಕೆ ಮಾತ್ರ ಹಣ, ಎಪ್ರಿಲ್ ಮತ್ತು ಮೇ ಖಾಲಿ, ಪ್ರತಿ ಜೂನ್‌ನಲ್ಲಿ ಮತ್ತೆ ಸಂದರ್ಶನ.

ಈ ನಡುವೆ ಪಿಎಸ್‌ಸಿ ಪರೀಕ್ಷೆ ಬರೆದಳು. ರ‍್ಯಾಂಕ್ ಲಿಸ್ಟಿನಲ್ಲಿ ಹೆಸರು ಬಂತು. ಊರಿಗೆಲ್ಲ ಸಿಹಿ ಹಂಚಿದರು. ಆದರೆ ಲಿಸ್ಟಿನಲ್ಲಿ ಹೆಸರಿದ್ದ ಮಾತ್ರಕ್ಕೆ ಕೆಲಸ ಬಂದಂತಲ್ಲ. ಖಾಲಿ ಹುದ್ದೆಗಳು ವರದಿಯಾಗಿ, ಸರದಿ ತನ್ನವರೆಗೆ ಬರಬೇಕು. ಲಿಸ್ಟಿನ ಆಯುಸ್ಸು ಹೆಚ್ಚೆಂದರೆ ಮೂರು ವರ್ಷ. ಸರದಿ ಅವಳಿಗಿಂತ ಕೆಲವೇ ಹೆಸರುಗಳ ಮೇಲೆ ನಿಂತಿತು, ಲಿಸ್ಟಿನ ಅವಧಿ ಮುಗಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸಮಸ್ಯೆ

ಕೆಲಸ ಸಿಗದ ನೋವು ನನಗೆ ಹೊಸದಲ್ಲ. ಆ ನೋವಿಗೆ ಕಾಲ ಮದ್ದಾಗುತ್ತದೆ. ಶಾರದೆಯ ವಿಷಯದಲ್ಲಿ ಹಾಗಾಗಲಿಲ್ಲ. ತಿಂಗಳುಗಳು ಕಳೆದರೂ ಅವಳು ಹೊಸ ಅರ್ಜಿ ಹಾಕಲಿಲ್ಲ. ಶಾಲೆಗೆ ಹೋಗುತ್ತಿದ್ದಳು, ಪಾಠ ಮಾಡುತ್ತಿದ್ದಳು, ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದಳು. ತಾಯಿಯೇ ನನಗೆ ಫೋನ್ ಮಾಡಿ, "ಟೀಚರ್, ನಿಮ್ಮ ಮಾತಾದರೂ ಕೇಳುತ್ತಾಳೋ ನೋಡಿ" ಎಂದರು.

ಬಂದವಳು ಫೈಲಿನಿಂದ ಮಡಚಿದ ಹಾಳೆಯೊಂದನ್ನು ತೆಗೆದು ನನ್ನ ಮುಂದಿಟ್ಟಳು. ಡಿ.ಎಲ್.ಎಡ್. ದಿನಗಳಲ್ಲಿ ಯಾವುದೋ ಶಿಬಿರದಲ್ಲಿ ತುಂಬಿದ ಇಕಿಗಾಯ್ ಚಿತ್ರ. ಇಷ್ಟವಾದದ್ದು: ಪುಟ್ಟ ಮಕ್ಕಳಿಗೆ ಪಾಠ ಹೇಳುವುದು. ಚೆನ್ನಾಗಿ ಬರುವುದು: ಮೂರು ಭಾಷೆ, ತಾಳ್ಮೆ. ಲೋಕಕ್ಕೆ ಬೇಕಾದದ್ದು: ಗಡಿನಾಡಿನ ಕನ್ನಡ ಶಾಲೆಗಳಿಗೆ ಕನ್ನಡ ಬಲ್ಲ ಶಿಕ್ಷಕರು. ಇದು ಉತ್ಪ್ರೇಕ್ಷೆಯಲ್ಲ, ಕನ್ನಡ ತಿಳಿಯದವರನ್ನು ಕನ್ನಡ ತರಗತಿಗಳಿಗೆ ನೇಮಿಸಿದ್ದನ್ನು ಪ್ರತಿಭಟಿಸಿ ಇಲ್ಲಿ ಮಕ್ಕಳೂ ಹೆತ್ತವರೂ ಬೀದಿಗೆ ಇಳಿದದ್ದುಂಟು. ಸಂಬಳ ತರುವುದು: ಸರಕಾರಿ ಕೆಲಸ. ನಾಲ್ಕೂ ಕೂಡುವಲ್ಲಿ ಹಸಿರು ಶಾಯಿಯಿಂದ ದಪ್ಪಗೆ, "ಕನ್ನಡ ಮಾಧ್ಯಮ ಎಲ್.ಪಿ. ಶಾಲಾ ಶಿಕ್ಷಕಿ." ಎಲ್.ಪಿ. ಎಂದರೆ ಕಿರಿಯ ಪ್ರಾಥಮಿಕ.

ವರ್ಷಗಟ್ಟಲೆ ಅದನ್ನು ಜೊತೆಯಲ್ಲಿಟ್ಟುಕೊಂಡೇ ಓದಿದ್ದಳು. ಅದರಿಂದ ಬಲ ಬಂದದ್ದೂ ನಿಜ, ರ‍್ಯಾಂಕ್ ಲಿಸ್ಟಿನವರೆಗೆ ತಲುಪಿಸಿದ್ದು ಆ ಏಕಾಗ್ರತೆಯೇ. ಈಗ ಅವಳ ಪ್ರಶ್ನೆ: "ಟೀಚರ್, ನಡುವೆ ಇದ್ದದ್ದೇ ಹೋದ ಮೇಲೆ ಸುತ್ತ ಉಳಿದದ್ದನ್ನು ಏನು ಮಾಡಲಿ?"

ಒಂದು ಹುದ್ದೆ ಕೈತಪ್ಪಿದರೆ ಹುದ್ದೆ ಮಾತ್ರ ಕೈತಪ್ಪಬೇಕು. ಅವಳಿಗೆ ಬದುಕುವ ಕಾರಣವೇ ಕೈತಪ್ಪಿದಂತಾಗಿತ್ತು. ಏಕೆಂದರೆ ಎರಡನ್ನೂ ಒಂದೇ ಚುಕ್ಕಿಯಲ್ಲಿ ಇಡಲು ಆ ಚಿತ್ರ ಅವಳಿಗೆ ಕಲಿಸಿತ್ತು. ಆ ಚುಕ್ಕಿಯ ಬೀಗದ ಕೈ ಇದ್ದದ್ದು ಖಾಲಿ ಹುದ್ದೆಗಳ ವರದಿಯಲ್ಲಿ, ಮೀಸಲಾತಿಯ ಸರದಿಯಲ್ಲಿ, ಮಕ್ಕಳ ಸಂಖ್ಯೆ ನೋಡಿ ನಿರ್ಧಾರವಾಗುವ ತರಗತಿಗಳ ಲೆಕ್ಕದಲ್ಲಿ. ಅವಳ ಕೈಯಲ್ಲಿ ಇರಲೇ ಇಲ್ಲ.

ಏನೇನು ಪ್ರಯತ್ನವಾಯಿತು

ಮೊದಲು ಅವಳೇ ಮಾಡಿದ್ದು, ಚಿತ್ರವನ್ನು ಹೊಸದಾಗಿ ತುಂಬುವುದು. ಗೆಳತಿಯರೊಂದಿಗೆ ಕುಳಿತು ಮತ್ತೆ ಮತ್ತೆ ತುಂಬಿದಳು. ಪ್ರತಿ ಬಾರಿಯೂ ನಡುವೆ ಬಂದು ನಿಂತದ್ದು ಅದೇ ಹುದ್ದೆ. ಮನಸ್ಸಿನಲ್ಲಿ ಮೊದಲೇ ಉತ್ತರ ಕುಳಿತಿರುವಾಗ ಪ್ರಶ್ನೆ ಎಷ್ಟು ಸಲ ಕೇಳಿದರೂ ಅಷ್ಟೇ.

ಎರಡನೆಯದು, ಹುದ್ದೆ ಬೇರೆಯಾದರೂ ಕೆಲಸ ಅದೇ ಎಂಬ ದಾರಿ. ಗಡಿಯಾಚೆ, ದಕ್ಷಿಣ ಕನ್ನಡದ ಒಂದು ಖಾಸಗಿ ಆಂಗ್ಲ ಮಾಧ್ಯಮ ಶಾಲೆಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ದಿನವೇತನಕ್ಕಿಂತ ಒಳ್ಳೆಯ ಸಂಬಳ, ತಿಂಗಳ ಮೊದಲ ವಾರದಲ್ಲಿ ತಪ್ಪದೆ ಬರುತ್ತಿತ್ತು. ಜೂನ್‌ನಲ್ಲಿ ಸೇರಿದಳು, ದಸರಾ ರಜೆಗೆ ಬಿಟ್ಟಳು. ಮನೆಯವರಿಗೆ ಇದು ಹುಚ್ಚುತನವಾಗಿ ಕಂಡಿತು. ಶಾಲೆಯಲ್ಲಿ ತೊಂದರೆ ಏನೂ ಇರಲಿಲ್ಲ ಎಂದು ಅವಳೇ ಹೇಳಿದಳು. ಮಕ್ಕಳು ಚುರುಕು, ಸಹೋದ್ಯೋಗಿಗಳು ಒಳ್ಳೆಯವರು. "ಆದರೆ ಟೀಚರ್, ಅಲ್ಲಿ ನಾನು ಇಲ್ಲದಿದ್ದರೂ ನಡೆಯುತ್ತದೆ."

ಈ ಮಾತನ್ನು ನಾನು ಬರೆದಿಟ್ಟುಕೊಂಡೆ. ಪ್ರಕರಣದ ಮೊದಲ ತಿರುವು ಇದು. ಪುಟ್ಟ ಮಕ್ಕಳಿಗೆ ಪಾಠ ಹೇಳುವುದೇ ಅವಳಿಗೆ ಇಷ್ಟವೆಂದಾದರೆ ಆ ಶಾಲೆಯಲ್ಲಿ ಅದು ಸಿಗಬೇಕಿತ್ತು. ಸಿಗಲಿಲ್ಲವೆಂದ ಮೇಲೆ ಮೊದಲ ವೃತ್ತದಲ್ಲಿ ಬರೆದ ಮಾತೇ ಪೂರ್ತಿ ಸರಿಯಲ್ಲ. ಇಷ್ಟವಾದದ್ದು ಪಾಠವಲ್ಲ, ಪಾಠದೊಳಗಿನ ಇನ್ನೇನೋ.

ಮೂರನೆಯದು ಗಲ್ಫಿನ ಕರೆ. ಅಬುಧಾಬಿಯಲ್ಲಿರುವ ಸೋದರಮಾವ ಪರಿಚಯದವರ ಕಚೇರಿಯಲ್ಲಿ ಕೆಲಸ ಮಾಡಿಸಿಕೊಡುತ್ತೇನೆ ಎಂದರು. ಕಾಸರಗೋಡಿನಲ್ಲಿ ಇಂಥ ಕರೆಯನ್ನು ಯಾರೂ ಹಗುರವಾಗಿ ಕಾಣುವುದಿಲ್ಲ, ಕಾಣಲೂಬಾರದು. ಎಷ್ಟೋ ಮನೆಗಳ ಹೆಂಚು ಇಳಿದು ತಾರಸಿ ಏರಿದ್ದು ಆ ಹಣದಿಂದ. ತಾಯಿಗೆ ಪೂರ್ಣ ಒಪ್ಪಿಗೆ. ಶಾರದಾ ಹೂಂ ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ.

ಚಿತ್ರದ ಹುಟ್ಟು, ವಿಚಾರದ ಹುಟ್ಟು

ಈ ಹಂತದಲ್ಲಿ ಅವಳಿಗೆ ಆ ಚಿತ್ರದ ಕಥೆ ಹೇಳಿದೆ. ಮಾರ್ಗದರ್ಶನ ಮಾಡುವವರೆಲ್ಲ ಇದನ್ನು ತಿಳಿದಿರಬೇಕು ಎಂದು ನನ್ನ ಗಟ್ಟಿ ಅಭಿಪ್ರಾಯ.

ನಾಲ್ಕು ವೃತ್ತಗಳ ಚಿತ್ರ ಜಪಾನಿನದ್ದಲ್ಲ. ಅದನ್ನು ಬರೆದವರು ಆಂದ್ರೆಸ್ ಸುಸುನಾಗಾ ಎಂಬ ಸ್ಪೇನಿನ ಜ್ಯೋತಿಷಿ. ನಡುವೆ ಅವರು ಇಟ್ಟದ್ದು 'ಉದ್ದೇಶ' ಎಂಬ ಮಾತು. ಜಪಾನಿನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. 2014ರಲ್ಲಿ ಮಾರ್ಕ್ ವಿನ್ ಎಂಬ ಬ್ರಿಟಿಷ್ ಬರಹಗಾರ, ಒಕಿನಾವಾದ ದೀರ್ಘಾಯುಷಿಗಳ ಬಗೆಗಿನ ಭಾಷಣವೊಂದರಲ್ಲಿ ಕೇಳಿದ ಇಕಿಗಾಯ್ ಎಂಬ ಹೆಸರನ್ನು ಆ ಮಾತಿನ ಜಾಗದಲ್ಲಿ ಇಟ್ಟರು. ಚಿತ್ರ ಲೋಕವೆಲ್ಲ ಹರಡಿತು, ಜಪಾನಿನ ವೃದ್ಧರ ವಿವೇಕವೆಂಬ ಮುದ್ರೆಯೊಂದಿಗೆ. ಸಂಬಳ ಎಂಬ ವೃತ್ತ ಇಕಿಗಾಯ್‌ಗೆ ಅಂಟಿಕೊಂಡದ್ದು ಹೀಗೆ.

ಜಪಾನಿನಲ್ಲಿ ಈ ವಿಚಾರವನ್ನು ಆಳವಾಗಿ ಬರೆದವರು ಮನೋವೈದ್ಯೆ ಮಿಯೆಕೊ ಕಾಮಿಯಾ. ಒಕಾಯಾಮಾ ಪ್ರಾಂತದ ನಾಗಶಿಮಾ ದ್ವೀಪದ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಅವರು ಕೆಲಸ ಮಾಡಿದರು. 1966ರಲ್ಲಿ ಅವರ ಇಕಿಗಾಯ್ ಕುರಿತ ಪುಸ್ತಕ ಬಂತು. ಜಪಾನಿನಲ್ಲಿ ಕುಷ್ಠರೋಗಿಗಳನ್ನು ಒತ್ತಾಯದಿಂದ ದೂರವಿಡುವ ಕಾನೂನು ರದ್ದಾದದ್ದು 1996ರಲ್ಲಿ. ಅಂದರೆ ಕಾಮಿಯಾ ಕಂಡ ರೋಗಿಗಳಿಗೆ ಮನೆ, ಊರು, ಉದ್ಯೋಗ ಯಾವುದೂ ಉಳಿದಿರಲಿಲ್ಲ. ಅಂಥವರಲ್ಲಿ ಅನೇಕರು ಬದುಕು ಬರಿದಾಯಿತೆಂದು ಕೊರಗುತ್ತಿದ್ದರೆ, ಕೆಲವರು ಅದೇ ದ್ವೀಪದಲ್ಲಿ ಅದೇ ಕಾಯಿಲೆಯೊಂದಿಗೆ ಬದುಕಿಗೆ ಅರ್ಥ ಕಂಡುಕೊಂಡಿದ್ದರು. ಈ ವ್ಯತ್ಯಾಸ ಎಲ್ಲಿಂದ ಬಂತು ಎಂಬುದೇ ಕಾಮಿಯಾ ಅವರ ಹುಡುಕಾಟ. ಅವರು ಎರಡನ್ನು ಬೇರೆ ಬೇರೆಯಾಗಿ ನೋಡಿದರು: ಬದುಕಿಗೆ ಅರ್ಥ ಕೊಡುವ ವಸ್ತು ಅಥವಾ ವ್ಯಕ್ತಿ ಒಂದು, ಆ ಅರ್ಥವಿದೆ ಎಂದು ಒಳಗೆ ಹುಟ್ಟುವ ಅನುಭವ ಇನ್ನೊಂದು.

ಜಪಾನಿನ ಓಸಾಕಿ ಎಂಬಲ್ಲಿ ನಡೆದ ಅಧ್ಯಯನವನ್ನೂ ಹೇಳಿದೆ. 1994ರಲ್ಲಿ ಆರಂಭವಾದ ಅದರಲ್ಲಿ 40ರಿಂದ 79 ವರ್ಷದ 43,391 ಮಂದಿಯನ್ನು ಏಳು ವರ್ಷ ಗಮನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಕಿಗಾಯ್ ಇಲ್ಲ ಎಂದವರಲ್ಲಿ ಸಾವಿನ ಪ್ರಮಾಣ ಹೆಚ್ಚಿತ್ತು. ಇಕಿಗಾಯ್ ಇದ್ದದ್ದರಿಂದಲೇ ಬದುಕಿದರು ಎಂದು ಇದರಿಂದ ಸಾಧಿಸಲಾಗದು, ಎರಡಕ್ಕೂ ನಂಟಿದೆ ಎನ್ನಬಹುದು. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಅಲ್ಲಿ ಕೇಳಿದ ಪ್ರಶ್ನೆ ಬಹಳ ಸರಳ: ನಿಮ್ಮ ಬದುಕಿನಲ್ಲಿ ಇಕಿಗಾಯ್ ಇದೆಯೇ? ನಿಮ್ಮ ಉದ್ಯೋಗ ನಿಮ್ಮ ಉದ್ದೇಶಕ್ಕೆ ಹೊಂದುತ್ತದೆಯೇ ಎಂಬ ಮಾತು ಆ ಪ್ರಶ್ನೆಯಲ್ಲಿ ಇರಲಿಲ್ಲ.

ಶಾರದಾ ಹಾಳೆಯನ್ನು ಮಡಚಿ ಫೈಲಿಗೆ ಹಾಕಿದಳು. "ಹಾಗಾದರೆ ಹುಡುಕಬೇಕಾದದ್ದು ಹುದ್ದೆಯನ್ನಲ್ಲ" ಎಂದಳು. ಹುದ್ದೆಯನ್ನೂ ಹುಡುಕಬೇಕು, ಆದರೆ ಆಮೇಲೆ ಎಂದೆ.

ನೋಟ್‌ಬುಕ್

ಕೆಲವು ವಾರ ರಾತ್ರಿ ಮಲಗುವ ಮುನ್ನ ಎರಡು ಸಾಲು ಬರೆಯಬೇಕು ಎಂದು ತೀರ್ಮಾನವಾಯಿತು. ಇವತ್ತು ಯಾವ ಕೆಲಸಕ್ಕೆ ಯಾರೂ ಹೇಳದೆ ಎದ್ದು ಹೋದೆ? ಯಾವಾಗ ಹೊತ್ತು ಹೋದದ್ದು ತಿಳಿಯಲಿಲ್ಲ? ಇಷ್ಟೇ. ಏಕೆ ಎಂದು ಬರೆಯಬಾರದು, ಗುರಿ ಎಂಬ ಮಾತು ಬರಬಾರದು.

ಆಗ ಮತ್ತೆ ಊರಿನ ಶಾಲೆಯಲ್ಲಿ ದಿನವೇತನದ ಕೆಲಸ ಶುರುವಾಗಿತ್ತು. ಹಾಗಾಗಿ ನೋಟ್‌ಬುಕ್ಕಿನಲ್ಲಿ ತರಗತಿಯೇ ತುಂಬಿರುತ್ತದೆ ಎಂದು ಇಬ್ಬರೂ ಅಂದುಕೊಂಡಿದ್ದೆವು. ತರಗತಿಯ ಸಾಲುಗಳು ಇದ್ದವು, ಆದರೆ ಕಡಿಮೆ. ಇದ್ದವೂ ಒಂದೇ ಬಗೆಯವು: ಎರಡನೇ ತರಗತಿಯ ಹುಡುಗನೊಬ್ಬನಿಗೆ ದಶಕ ತೆಗೆದುಕೊಂಡು ಕಳೆಯುವುದು ಕನ್ನಡದಲ್ಲಿ ಹೇಳಿದರೆ ತಲೆಗೆ ಹೋಗದೆ, ತುಳುವಿನಲ್ಲಿ ಹೇಳಿದಾಗ ಫಕ್ಕನೆ ಹೊಳೆದದ್ದು. ಉಳಿದ ಸಾಲುಗಳೆಲ್ಲ ಮನೆಯ ಜಗಲಿಯವು, ಬಸ್ಸಿನವು, ಪಡಿತರ ಅಂಗಡಿಯವು.

ಒಂದನ್ನು ಪೂರ್ತಿಯಾಗಿ ಹೇಳಬೇಕು. ಕೇರಳದಲ್ಲಿ 2022ರ ನವೆಂಬರ್‌ನಿಂದ ಭೂಮಿಯ ಡಿಜಿಟಲ್ ಸರ್ವೆ ನಡೆಯುತ್ತಿದೆ. ನೆರೆಮನೆಯ ಹಿರಿಯರೊಬ್ಬರಿಗೆ ಅದರ ಸಂಬಂಧವಾಗಿ ಮಲಯಾಳದಲ್ಲಿ ಒಂದು ಕಾಗದ ಬಂದಿತ್ತು. ಅಂಗಳದಲ್ಲಿ ಅಡಿಕೆ ಒಣಗಲು ಹರಡಿತ್ತು, ಅವರು ಅದರ ಅಂಚಿನಲ್ಲಿ ಸುತ್ತಿ ಬಂದು ಜಗಲಿಯಲ್ಲಿ ಕುಳಿತು, "ಮಗಾ, ಇದು ಜಾಗ ಹೋಗುವ ಕಾಗದವೋ?" ಎಂದು ಕೇಳಿದರು. ಎರಡು ದಿನದಿಂದ ಅವರಿಗೆ ನಿದ್ದೆ ಇರಲಿಲ್ಲ. ಶಾರದಾ ಒಮ್ಮೆ ಮಲಯಾಳದಲ್ಲಿ ಇದ್ದಂತೆ ಓದಿದಳು, ಆಮೇಲೆ ತುಳುವಿನಲ್ಲಿ ಹೇಳಿದಳು. ಜಾಗ ಹೋಗುವುದಿಲ್ಲ. ಅಳತೆಯ ವಿವರ ನೋಡಿ ತಕರಾರು ಇದ್ದರೆ ಗಡುವಿನ ಒಳಗೆ ತಿಳಿಸಬೇಕು, ಅಷ್ಟೇ. ಅವರ ತಂದೆಯ ಹೆಸರು ಮಲಯಾಳ ಅಕ್ಷರಗಳಲ್ಲಿ ಬೇರೆಯೇ ಆಗಿ ಬಿದ್ದಿತ್ತು, ಅದನ್ನು ಗುರುತು ಹಾಕಿದಳು. ಬಳಿಕ ಒಂದು ಬಿಳಿ ಹಾಳೆಯಲ್ಲಿ ಅವರ ಜಾಗದ ನಕ್ಷೆ ಬರೆಯತೊಡಗಿದಳು. ಹಿರಿಯರು ಮೂಲೆಯೊಂದರಲ್ಲಿ ಬೆರಳಿಟ್ಟು, ಇಲ್ಲಿ ನಮ್ಮ ಸುರಂಗದ ಬಾಯಿ, ಒಳಗೆ ಹೋದದ್ದು ಆಚೆಯವರ ಗುಡ್ಡದ ಅಡಿಗೆ, ಮೇಲಿನಿಂದ ಅಳೆದವರಿಗೆ ಅದು ಹೇಗೆ ಕಾಣಬೇಕು ಎಂದರು. ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ತರುವ ಸುರಂಗಗಳು ಇಲ್ಲಿನ ತೋಟಗಳ ಜೀವ. ಆ ನೀರಿನ ಹಕ್ಕಿನ ಮಾತನ್ನು ಅರ್ಜಿಯಲ್ಲಿ ಹೇಗೆ ಬರೆಯುವುದು ಎಂದು ಇಬ್ಬರೂ ಕುಳಿತು ಮಲಯಾಳದಲ್ಲಿ ಕರಡು ಮಾಡಿದರು. ಎದ್ದಾಗ ಕತ್ತಲೆಯಾಗಿತ್ತು, ಅಡಿಕೆ ಒಳಗೆ ತೆಗೆದುಹಾಕಿದ್ದು ತಾಯಿ.

ನೋಟ್‌ಬುಕ್ಕಿನಲ್ಲಿ ಆ ದಿನದ ಸಾಲು: "ಬೆಂಕಿ ಹೊತ್ತಿಸಲೂ ಮರೆತೆ. ಅಮ್ಮ ಬೈದರು."

ಇಬ್ಬರೂ ಕುಳಿತು ಎಲ್ಲ ಸಾಲುಗಳನ್ನು ಓದಿದಾಗ ಎಳೆ ತಾನಾಗಿ ಕಂಡಿತು. ಮಹಿಳಾ ಸ್ವಸಹಾಯ ಸಂಘವಾದ ಕುಟುಂಬಶ್ರೀಯ ಸಭೆಯ ಸುತ್ತೋಲೆ, ಪಿಂಚಣಿದಾರರು ಬದುಕಿದ್ದಾರೆಂದು ದೃಢಪಡಿಸುವ ಮಸ್ಟರಿಂಗ್, ಆಸ್ಪತ್ರೆಯ ಚೀಟಿ, ವಿಲ್ಲೇಜ್ ಆಫೀಸಿನಲ್ಲಿ ತೀರ್ವೆ ಕಟ್ಟುವಾಗ ಎದ್ದ ತಕರಾರು, ಎರಡನೇ ತರಗತಿಯ ಕಳೆಯುವ ಲೆಕ್ಕ. ಒಂದು ಭಾಷೆಯಲ್ಲಿ ಸಿಕ್ಕಿಕೊಂಡದ್ದನ್ನು ಇನ್ನೊಂದಕ್ಕೆ ತಂದು, ಎದುರಿನವರ ಮುಖದಿಂದ ಅಂಜಿಕೆ ಇಳಿಯುವವರೆಗೆ ಬಿಡದೆ ಹೇಳುವುದು. ಹದಿನಾಲ್ಕರ ವಯಸ್ಸಿನಿಂದ ಅವಳು ಇದನ್ನು ಮಾಡುತ್ತಲೇ ಇದ್ದಳು. ಕೆಲಸವೆಂದು ಯಾರೂ ಕರೆಯದ ಕಾರಣ, ವೃತ್ತ ತುಂಬುವಾಗ ಅದು ನೆನಪಿಗೂ ಬರಲಿಲ್ಲ. ಖಾಸಗಿ ಶಾಲೆಯಲ್ಲಿ ಸಿಗದೇ ಹೋದದ್ದು ಏನೆಂಬುದೂ ಆಗ ಸ್ಪಷ್ಟವಾಯಿತು.

ತೀರ್ಮಾನ

ಇಲ್ಲಿಂದ ಮುಂದೆ ದಾರಿ ಸುಲಭ ಎಂದು ಯಾರಾದರೂ ತಿಳಿದರೆ ತಪ್ಪು. ತಾಯಿ ಕೇಳಿದ ಪ್ರಶ್ನೆಗೆ ಉತ್ತರ ಬೇಕಿತ್ತು: "ಊರವರ ಕಾಗದ ಓದಿಕೊಟ್ಟರೆ ಸಾಲದ ಕಂತು ಕಟ್ಟುವವರು ಯಾರು?" ಈ ಪ್ರಶ್ನೆಯನ್ನು ಜಾರಿಸಿ ಮಾಡುವ ಯಾವ ಮಾರ್ಗದರ್ಶನಕ್ಕೂ ನಾನು ಬೆಲೆ ಕೊಡಲಾರೆ.

ತಾಯಿಯನ್ನೂ ಕೂರಿಸಿಕೊಂಡು ಮನೆಯ ಖರ್ಚು ಬರೆದೆವು. ಕಂತು, ಅಜ್ಜಿಯ ಔಷಧಿ, ತಮ್ಮನ ಫೀಸು, ದಿನಸಿ ಸೇರಿ, ತೋಟದ ಆದಾಯ ಕಳೆದು, ತಿಂಗಳಿಗೆ ಶಾರದಾ ತರಲೇಬೇಕಾದ ಮೊತ್ತ ಎಷ್ಟೆಂದು ನಿಗದಿಯಾಯಿತು. ಅಲ್ಲಿಯವರೆಗೆ 'ಒಳ್ಳೆಯ ಸಂಬಳ' ಎಂಬ ಮಾತು ಗಾಳಿಯಲ್ಲಿತ್ತು. ಬರೆದು ನೋಡಿದಾಗ ಅದು ಗಲ್ಫಿನ ಸಂಬಳಕ್ಕಿಂತ ಬಹಳ ಕಡಿಮೆ, ದಿನವೇತನದ ವರ್ಷದ ಸರಾಸರಿಗಿಂತ ಸ್ವಲ್ಪ ಹೆಚ್ಚು.

ಆಮೇಲೆ ಪ್ರತಿ ದಾರಿಗೂ ಮೂರು ಪ್ರಶ್ನೆ ಹಾಕಿದೆವು. ಇದು ಆ ಮೊತ್ತ ತರುತ್ತದೆಯೇ? ಈ ಬಾಗಿಲು ಎಷ್ಟು ವರ್ಷ ತೆರೆದಿರುತ್ತದೆ? ಇದು ಸಿಗದೇ ಹೋದರೂ ನೋಟ್‌ಬುಕ್ಕಿನಲ್ಲಿ ಕಂಡದ್ದು ಮುಂದುವರಿಯುತ್ತದೆಯೇ?

ಎರಡನೆಯ ಪ್ರಶ್ನೆ ಅನೇಕ ಸಂಗತಿಗಳನ್ನು ಬದಲಿಸಿತು. ಪ್ರಾಥಮಿಕ ಶಿಕ್ಷಕ ಹುದ್ದೆಗೆ ಸಾಮಾನ್ಯ ವಯೋಮಿತಿ 40. ಕಾಸರಗೋಡು ಜಿಲ್ಲೆಯಲ್ಲಿ ಕನ್ನಡ ಮತ್ತು ಮಲಯಾಳ ಎರಡನ್ನೂ ಬಲ್ಲವರಿಗೆಂದೇ ಇರುವ ಎಲ್.ಡಿ. (ಕೆಳದರ್ಜೆ) ಕ್ಲರ್ಕ್ ಹುದ್ದೆಗೆ 36. ಅಂದರೆ ಅವಳು ಅಳೆದೂ ಸುರಿದೂ ಕುಳಿತಿದ್ದ ಹೊತ್ತಿನಲ್ಲಿ ಮೊದಲು ಮುಚ್ಚುವ ಬಾಗಿಲು ಕ್ಲರ್ಕ್ ಹುದ್ದೆಯದ್ದು. ಆ ಹುದ್ದೆಯನ್ನು ಅವಳು ಇದುವರೆಗೆ ತಿರುಗಿಯೂ ನೋಡಿರಲಿಲ್ಲ. ಹಸಿರು ಶಾಯಿಯ ಚುಕ್ಕಿಯಲ್ಲಿ ಗುಮಾಸ್ತಿಕೆ ಎಲ್ಲಿತ್ತು? ಆದರೆ ಕನ್ನಡದ ಅರ್ಜಿಯನ್ನು ಕಚೇರಿಯೊಳಗೆ ಓದಿ ಅರ್ಥಮಾಡಿಕೊಳ್ಳುವವರು ಬೇಕೆಂದೇ ಆ ಹುದ್ದೆ ಇರುವುದು. ಜಗಲಿಯಲ್ಲಿ ಮಾಡುತ್ತಿದ್ದುದನ್ನು ಕೌಂಟರಿನ ಒಳಗಡೆಯಿಂದ ಮಾಡುವ ಕೆಲಸ ಅದು.

ಮೂರನೆಯ ಪ್ರಶ್ನೆಯಲ್ಲಿ ಗಲ್ಫ್ ಬಿದ್ದುಹೋಯಿತು, ಆದರೆ ಪೂರ್ತಿಯಾಗಿ ಅಲ್ಲ. ಮೊತ್ತದ ಪ್ರಶ್ನೆಯಲ್ಲಿ ಅದು ಎಲ್ಲಕ್ಕಿಂತ ಮುಂದಿತ್ತು. ಸೋದರಮಾವನಿಗೆ ಶಾರದೆಯೇ ಫೋನ್ ಮಾಡಿ, ಎರಡು ವರ್ಷ ಸಮಯ ಕೊಡಿ ಮಾವಾ, ಅಷ್ಟರಲ್ಲಿ ಇಲ್ಲಿ ಕಾಲೂರಲು ಆಗದಿದ್ದರೆ ಬರುತ್ತೇನೆ ಎಂದಳು. ಅವರು ಬೇಸರಪಟ್ಟುಕೊಳ್ಳಲಿಲ್ಲ. ಗಡುವು ಇದೆ ಎಂಬುದೇ ತಾಯಿಗೂ ಸಮಾಧಾನ ತಂದಿತು.

ಏನಾಯಿತು

ದಿನವೇತನ ಬಿಟ್ಟು ಅವಳು ಪೇಟೆಯ ಒಂದು ಅಕ್ಷಯ ಕೇಂದ್ರದಲ್ಲಿ, ಅಂದರೆ ಜನರ ಪರವಾಗಿ ಸರಕಾರಿ ಅರ್ಜಿಗಳನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವ ಕೇಂದ್ರದಲ್ಲಿ, ಕೆಲಸಕ್ಕೆ ಸೇರಿದಳು. ಹನ್ನೆರಡು ತಿಂಗಳೂ ಸಂಬಳ ಬರುತ್ತದೆ. ಜೊತೆಗೆ ಸಂಜೆ ನಾಲ್ಕಾರು ಮಕ್ಕಳಿಗೆ ಟ್ಯೂಷನ್. ಎರಡೂ ಸೇರಿದರೆ ನಿಗದಿಯಾದ ಮೊತ್ತಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ, ಕೆಲವು ತಿಂಗಳು ಕಡಿಮೆ ಬೀಳುತ್ತದೆ.

ಅಲ್ಲಿ ಬೇರೊಂದು ತೊಡಕು ಎದುರಾಯಿತು. ಅಕ್ಷಯ ಕೇಂದ್ರಕ್ಕೆ ಆದಾಯ ಬರುವುದು ಅರ್ಜಿ ಸಲ್ಲಿಸಿದ ಲೆಕ್ಕದಲ್ಲಿ. ಶಾರದಾ ಒಬ್ಬೊಬ್ಬರಿಗೂ ಕಾಗದ ಓದಿ ಹೇಳುತ್ತ ಕುಳಿತರೆ ಹಿಂದೆ ಸಾಲು ಬೆಳೆಯುತ್ತದೆ. ಕೇಂದ್ರ ನಡೆಸುವವರು ಗೊಣಗಿದ್ದರಲ್ಲಿ ತಪ್ಪಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು: ಜನ ಕಡಿಮೆಯಾಗುವ ನಾಲ್ಕು ಗಂಟೆಯ ಬಳಿಕ ಓದಿಸಿಕೊಳ್ಳಬೇಕಾದವರು ಬರಲಿ, ಅದಕ್ಕೆ ಶುಲ್ಕ ಇಲ್ಲ. ಕೆಲವು ತಿಂಗಳಲ್ಲಿ ನಡೆಸುವವರೇ ಗಮನಿಸಿದರು, ತಪ್ಪು ತುಂಬಿ ವಾಪಸು ಬರುವ ಅರ್ಜಿಗಳು ಕಡಿಮೆಯಾಗಿವೆ, ಕನ್ನಡದ ಹಳಬರು ದೂರದ ಊರುಗಳಿಂದಲೂ ಇಲ್ಲಿಗೇ ಬರುತ್ತಿದ್ದಾರೆ.

ಕ್ಲರ್ಕ್ ಪರೀಕ್ಷೆ ಬರೆದಳು. ಲಿಸ್ಟಿನಲ್ಲಿ ಹೆಸರಿದೆ, ಮೇಲ್ಭಾಗದಲ್ಲಿ ಇಲ್ಲ. ನೇಮಕ ಆಗಬಹುದು, ಆಗದೆಯೂ ಇರಬಹುದು. ಶಿಕ್ಷಕ ಹುದ್ದೆಗೆ ಮುಂದಿನ ಬಾರಿ ಅರ್ಜಿ ಕರೆದಾಗ ಹಾಕಲು ದಾಖಲೆಗಳನ್ನು ಸಿದ್ಧ ಇಟ್ಟಿದ್ದಾಳೆ. ಮದುವೆಯ ಮಾತು ಮನೆಯಲ್ಲಿ ಮೊದಲಿನಂತೆಯೇ ಏಳುತ್ತದೆ. ಈ ಸಲ ಲಿಸ್ಟ್ ಬಂದ ದಿನ ಮತ್ತು ಬರದ ದಿನ ಅವಳ ಬೆಳಗಿನಲ್ಲಿ ದೊಡ್ಡ ಅಂತರ ಕಾಣಲಿಲ್ಲ ಎಂಬುದನ್ನು ತಾಯಿಯೇ ನನಗೆ ಹೇಳಿದರು.

ಈ ಪ್ರಕರಣದಿಂದ ನಾನು ತೆಗೆದುಕೊಂಡದ್ದು

ನಾಲ್ಕು ವೃತ್ತಗಳ ಚಿತ್ರ ಸಂಪೂರ್ಣ ನಿರುಪಯೋಗಿ ಎಂದು ನಾನು ಹೇಳುವುದಿಲ್ಲ. ಹದಿನಾರರ ಮಕ್ಕಳು ತಮ್ಮ ಬಗ್ಗೆ ಮಾತು ಶುರುಮಾಡಲು ಅದು ನೆರವಾಗುತ್ತದೆ. ಆದರೆ ಅದು ನಡುವೆ ಒಂದೇ ಉತ್ತರ ಬಯಸುತ್ತದೆ, ಮತ್ತು ಸರಕಾರಿ ನೌಕರಿಯೇ ಮನೆಯ ಮಾನ ಎಂದು ತಿಳಿಯುವ ನಮ್ಮ ಜಿಲ್ಲೆಯಲ್ಲಿ ಆ ಉತ್ತರ ಸುಲಭವಾಗಿ ಒಂದು ಹುದ್ದೆಯ ಹೆಸರಾಗಿಬಿಡುತ್ತದೆ. 2010ರಲ್ಲಿ ಜಪಾನಿನಲ್ಲಿ 2,000 ಮಂದಿಯನ್ನು ಕೇಳಿದಾಗ ಕೆಲಸವೇ ತಮ್ಮ ಇಕಿಗಾಯ್ ಎಂದವರು ಶೇಕಡಾ 31 ಮಾತ್ರ. ವಿಚಾರ ಹುಟ್ಟಿದ ನಾಡಿನಲ್ಲೇ ಹೀಗಿರುವಾಗ, ಕೆಲಸದಲ್ಲೇ ಎಲ್ಲ ಸಿಗಬೇಕೆಂದು ನಮ್ಮ ಮಕ್ಕಳ ಮೇಲೆ ಏಕೆ ಹೊರೆ ಹೇರಬೇಕು?

ಗುರಿ ಇಡುವ ಕ್ರಮ ಬದಲಾಗಬೇಕೆಂಬುದು ನನ್ನ ತಿಳಿವಳಿಕೆ. ಈಗಾಗಲೇ ಬದುಕಿನಲ್ಲಿ ನಡೆಯುತ್ತಿರುವುದನ್ನು ಮೊದಲು ಗುರುತಿಸಬೇಕು. ಅದನ್ನು ಉಳಿಸಿಕೊಳ್ಳಲು ಎಂಥ ಕೆಲಸಗಳು ಅವಕಾಶ ಕೊಡುತ್ತವೆ ಎಂದು ಆಮೇಲೆ ನೋಡಬೇಕು. ಉತ್ತರ ಒಂದಕ್ಕಿಂತ ಹೆಚ್ಚಾಗಿ ಬರುತ್ತದೆ: ಶಾರದೆಗೆ ಶಾಲೆ, ಕ್ಲರ್ಕ್ ಹುದ್ದೆ, ಅಕ್ಷಯ ಕೇಂದ್ರ ಮೂರೂ ಬಂದವು. ಆಗ ಒಂದು ಲಿಸ್ಟ್ ರದ್ದಾದರೆ ಹೋಗುವುದು ಒಂದು ದಾರಿ ಮಾತ್ರ.

ಇದರ ಅಪಾಯವನ್ನೂ ಹೇಳದಿದ್ದರೆ ಬರಹ ಅರ್ಧವಾಗುತ್ತದೆ. ಸಣ್ಣದರಲ್ಲಿ ಸಂತೋಷವಿದೆ ಎಂಬ ಮಾತು ಸಂಬಳ ಕೊಡಬೇಕಾದವರ ಬಾಯಿಗೆ ಬಹಳ ರುಚಿ. ವರ್ಷಕ್ಕೆ ಹತ್ತು ತಿಂಗಳು ದಿನಗೂಲಿಯಂತೆ ದುಡಿಯುವ ಶಿಕ್ಷಕಿಗೆ ನಿನ್ನ ಇಕಿಗಾಯ್ ಮಕ್ಕಳ ನಗು ಎನ್ನುವುದು ಅನ್ಯಾಯ. ಕನ್ನಡ ಶಾಲೆಗಳಲ್ಲಿ ಕನ್ನಡ ಬಲ್ಲ ಶಿಕ್ಷಕರ ಹುದ್ದೆ ಹೊತ್ತಿಗೆ ಸರಿಯಾಗಿ ತುಂಬಬೇಕು, ಮನೆಬಾಗಿಲಿಗೆ ಬರುವ ಸರಕಾರಿ ಕಾಗದ ಕನ್ನಡದಲ್ಲೂ ಇರಬೇಕು. ಭಾಷಾ ಅಲ್ಪಸಂಖ್ಯಾತರಾಗಿ ಅದು ನಮ್ಮ ಹಕ್ಕು. ಶಾರದೆ ನಾಲ್ಕು ಗಂಟೆಯ ಮೇಲೆ ಓದಿಕೊಡುತ್ತಾಳೆಂದು ಆ ಹಕ್ಕಿನ ಹೋರಾಟ ಸಡಿಲವಾಗಬಾರದು. ಇದನ್ನು ಅವಳೂ ಒಪ್ಪುತ್ತಾಳೆ. ಇತ್ತೀಚೆಗೆ ಸರ್ವೆಯ ಕಾಗದಗಳು ಕನ್ನಡದಲ್ಲೂ ಬರಲಿ ಎಂದು ಊರವರ ಸಹಿ ಹಾಕಿಸಿ ಮನವಿ ಕೊಟ್ಟವರಲ್ಲಿ ಅವಳೂ ಇದ್ದಳು, ಮನವಿಯನ್ನು ಎರಡೂ ಭಾಷೆಗಳಲ್ಲಿ ಬರೆದದ್ದು ಅವಳೇ.

ಸೋದರಮಾವನಿಗೆ ಹೇಳಿದ ಗಡುವಿಗೆ ಇನ್ನೂ ಸಮಯವಿದೆ. ಅದು ಮುಗಿಯುವ ಮುನ್ನ ತಾಯಿ, ಮಗಳು, ನಾನು ಮತ್ತೆ ಕುಳಿತು ಖರ್ಚಿನ ಹಾಳೆ ತೆಗೆಯುವುದೆಂದು ಮಾತಾಗಿದೆ. ಕ್ಲರ್ಕ್ ಲಿಸ್ಟ್ ಆಗ ಎಲ್ಲಿಗೆ ಬಂದಿರುತ್ತದೆ, ತಮ್ಮನ ಓದು ಎಲ್ಲಿಗೆ ಮುಟ್ಟಿರುತ್ತದೆ ಎಂದು ನೋಡಿ ಮುಂದಿನ ತೀರ್ಮಾನ. ಅಷ್ಟರೊಳಗೆ ಪಾಸ್‌ಪೋರ್ಟ್ ನವೀಕರಿಸಿ ಇಟ್ಟುಕೊಳ್ಳಲು ಹೇಳಿದ್ದೇನೆ. ಅರ್ಜಿಯನ್ನು ಅವಳು ತನ್ನ ಕೇಂದ್ರದಿಂದಲೇ ಹಾಕಿದ್ದಾಳೆ.